ಹೆಬ್ಬೆಟ್ಟಿನ ಒಪ್ಪಿಗೆ

ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವಾಗ ಮಾರುದ್ದದ ಕರಾರುಪತ್ರ ಒಂದು ತೆರೆದುಕೊಳ್ಳುತ್ತದಲ್ಲ, ಕೆಳಗೆ 'ಐ ಅಗ್ರೀ' ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಪೂರ್ತಿ ಓದಿ ಒತ್ತಿದವರನ್ನು ನಾನಂತೂ ನೋಡಿಲ್ಲ. ಯಾರೂ ಓದುವುದಿಲ್ಲ ಅನ್ನುವುದು ಬರೆಸಿದ ಕಂಪನಿಗೂ ಗೊತ್ತು. ಆದರೂ ನಡೆಯುತ್ತದೆ. ಯಾಕೆಂದರೆ ಹೋದರೆ ಹೋಗುವುದು ಒಂದಿಷ್ಟು ದುಡ್ಡು, ಹೆಚ್ಚೆಂದರೆ ಹಾರ್ಡ್ ಡಿಸ್ಕಿನಲ್ಲಿದ್ದ ಫೋಟೋಗಳು. ಅದೇ ಗುಂಡಿಯನ್ನು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಇಟ್ಟರೆ? ಇಟ್ಟಿದ್ದಾರೆ ಮಾರಾಯ್ರೇ. ಅಲ್ಲಿ ಅದಕ್ಕೆ ಕನ್ಸೆಂಟ್ ಫಾರ್ಮ್ ಅಂತ ಹೆಸರು.

ನನ್ನೂರು ಹುಮನಾಬಾದ್, ಅವ್ವನ ತವರು ಬಸವಕಲ್ಯಾಣ. ಬೀದರ್ ಜಿಲ್ಲೆಯ ಈ ಎರಡು ತಾಲೂಕುಗಳನ್ನು ನೋಡದವರಿಗೆ ಒಂದು ಮಾತು: ನಮ್ಮಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಲಾರಿ ಗ್ಯಾರೇಜಿನಲ್ಲಿ ದಖನಿ ಉರ್ದು, ತಾಂಡಾದಲ್ಲಿ ಲಂಬಾಣಿ. ಒಂದೇ ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ಮೂರು ಭಾಷೆ ಮಾತಾಡಿ ಮುಗಿಸಿರುತ್ತಾನೆ. ಜ್ವರ ನೆಗಡಿಗೆ ಊರಿನ ದವಾಖಾನಿ, ಸ್ವಲ್ಪ ಜೋರಾದರೆ ಬೀದರ್ ಇಲ್ಲ ಕಲಬುರಗಿ, ಇನ್ನೂ ಜೋರಾದರೆ ಸೊಲ್ಲಾಪುರ ಇಲ್ಲ ಹೈದರಾಬಾದ್. ಮೂರು ರಾಜ್ಯಗಳ ದವಾಖಾನೆಗಳಿಗೆ ನಾವು ಗಿರಾಕಿಗಳು. ಆದರೆ ಎಲ್ಲಿಗೆ ಹೋದರೂ ಆ ಫಾರ್ಮ್ ಮಾತ್ರ ಇಂಗ್ಲಿಷಿನಲ್ಲೇ. ನಿಜಾಮರ ಕಾಲದಲ್ಲಿ ಸರ್ಕಾರಿ ಕಾಗದವೆಲ್ಲ ಉರ್ದುವಿನಲ್ಲಿ ಇರುತ್ತಿತ್ತು. ಉರ್ದು ಬಾರದ ಅಜ್ಜಂದಿರು ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಕಾಗದದ ಭಾಷೆ ಬದಲಾಗಿದೆ, ಹೆಬ್ಬೆಟ್ಟು ಅದೇ.

ಎರಡು ವರ್ಷದ ಹಿಂದೆ ನಮ್ಮ ದೊಡ್ಡವ್ವನಿಗೆ ಪಿತ್ತಕೋಶದಲ್ಲಿ ಹರಳಾಗಿ ಆಪರೇಷನ್ ಆಯಿತು. ಯಾವ ಊರು, ಯಾವ ಆಸ್ಪತ್ರೆ ಅನ್ನುವುದು ಬೇಡ, ಎಲ್ಲ ಕಡೆಯೂ ಒಂದೇ ಕತೆ. ಹಿಂದಿನ ರಾತ್ರಿ ಸಿಸ್ಟರ್ ನಾಲ್ಕು ಪುಟದ ಫಾರ್ಮ್ ತಂದು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಅಂದರು. "ಇದ್ರಾಗ ಏನ್ ಬರ್ದಾರವಾ?" ಅಂತ ದೊಡ್ಡವ್ವ ಕೇಳಿದಳು. "ಏನಿಲ್ರಿ ಆಯಿ, ಎಲ್ಲಾರೂ ಮಾಡ್ತಾರ" ಅಂತ ಉತ್ತರ. ನಾನು ಕೂತು ಓದಿದೆ. ವೈದ್ಯರಿಗೆ ಅಗತ್ಯ ಅನ್ನಿಸಿದ ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೂ ಒಪ್ಪಿದ್ದೇನೆ, ಪಾಠಕ್ಕಾಗಿ ಫೋಟೋ ತೆಗೆಯಲು ಒಪ್ಪಿದ್ದೇನೆ, ನನಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದ್ದಾರೆ ಅಂತೆಲ್ಲ ಇತ್ತು. 'ನನಗೆ ತಿಳಿಯುವ ಭಾಷೆಯಲ್ಲಿ' ಅನ್ನುವ ಆ ಸಾಲು ಕೂಡ ಇಂಗ್ಲಿಷಿನಲ್ಲೇ! ಡಾಕ್ಟರನ್ನು ಕರೆಸಿ ಕೇಳಿದಾಗ, ಪಾಪ, ಅವರು ಬೇಜಾರಾಗಲಿಲ್ಲ. ಅದೇ ಫಾರ್ಮಿನ ಬೆನ್ನ ಮೇಲೆ ಪೆನ್ನಿನಿಂದ ಪಿತ್ತಕೋಶದ ಚಿತ್ರ ಬರೆದು, ಎಲ್ಲಿ ತೂತು ಮಾಡುತ್ತೇವೆ, ಹರಳಿನ ಜೊತೆ ಚೀಲವನ್ನೂ ಯಾಕೆ ತೆಗೆಯಬೇಕು, ಸಣ್ಣ ತೂತಿನಿಂದ ಆಗದಿದ್ದರೆ ಹೊಟ್ಟೆ ಕೊಯ್ಯಬೇಕಾದೀತು, ಎಲ್ಲ ಹೇಳಿದರು. ಐದು ನಿಮಿಷ ಹಿಡಿದಿರಬೇಕು. ದೊಡ್ಡವ್ವ ಎರಡು ಪ್ರಶ್ನೆ ಕೇಳಿದಳು: ನೀರಿನ ಕೊಡ ಯಾವಾಗ ಎತ್ತಬಹುದು, ಎಣ್ಣಿ ಪದಾರ್ಥ ಜನ್ಮಕ್ಕೆ ಬಂದಾ? ಆ ನಾಲ್ಕು ಪುಟದಲ್ಲಿ ಎಲ್ಲೂ ಇವೆರಡಕ್ಕೆ ಉತ್ತರ ಇರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಾನೂನು ಕೇಳುವುದು ಆ ಐದು ನಿಮಿಷವನ್ನು, ಆ ನಾಲ್ಕು ಪುಟವನ್ನಲ್ಲ. ನಮ್ಮ ಆಸ್ಪತ್ರೆಗಳು ಇದನ್ನು ತಲೆಕೆಳಗು ಮಾಡಿಕೊಂಡಿವೆ. ಸಹಿ ಇದ್ದರೆ ತಾವು ಸೇಫ್ ಅಂತ ಡಾಕ್ಟರುಗಳು ನಂಬಿದ್ದಾರೆ, ಸಹಿ ಹಾಕಿದ ಮೇಲೆ ತಮಗೆ ಬಾಯಿಲ್ಲ ಅಂತ ರೋಗಿಗಳು ನಂಬಿದ್ದಾರೆ. ಎರಡೂ ಸುಳ್ಳು.

ಸುಳ್ಳು ಅನ್ನುವುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ, ಸಮೀರಾ ಕೊಹ್ಲಿ ಪ್ರಕರಣ, 16 ಜನವರಿ 2008. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ಮೇಲೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ದೆಹಲಿಯಲ್ಲಿ 1995ರಲ್ಲಿ ನಡೆದದ್ದು. 44 ವರ್ಷದ ಮದುವೆಯಾಗದ ಹೆಣ್ಣುಮಗಳು ಹೆಚ್ಚು ರಕ್ತಸ್ರಾವ ಅಂತ ಕ್ಲಿನಿಕ್ಕಿಗೆ ಹೋದರು. ಲ್ಯಾಪರೋಸ್ಕೋಪಿ ಮಾಡಿ ಒಳಗೆ ಏನಿದೆ ನೋಡುತ್ತೇವೆ ಅಂತ ಸಹಿ ತಗೊಂಡರು. ಅವರು ಅರಿವಳಿಕೆಯಲ್ಲಿದ್ದಾಗ ಡಾಕ್ಟರು ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಬಿಟ್ಟರು. ಇಲ್ಲಿ ಗಮನಿಸಬೇಕಾದ್ದು, ಡಾಕ್ಟರು ಕೆಟ್ಟ ಉದ್ದೇಶದಿಂದ ಮಾಡಿದರು ಅಂತ ಕೋರ್ಟು ಹೇಳಲಿಲ್ಲ. ಆಪರೇಷನ್ ಕೆಟ್ಟದಾಗಿ ಆಗಿದೆ ಅಂತಲೂ ಹೇಳಲಿಲ್ಲ. ಕೇಳಲಿಲ್ಲ, ಅದೇ ತಪ್ಪು ಅಂದಿತು. ಎಚ್ಚರವಾದ ಮೇಲೆ ಕೇಳಬಹುದಿತ್ತು, ಪ್ರಾಣಕ್ಕೇನೂ ತುರ್ತು ಇರಲಿಲ್ಲ. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯರ ಪರವಾಗಿ ತಾಯಿಯೂ ಒಪ್ಪಿಗೆ ಕೊಡುವ ಹಾಗಿಲ್ಲ. ಡಾಕ್ಟರಿಗೆ ಆಪರೇಷನ್ನಿನ ಫೀ ಪೂರ್ತಿ ಖೋತಾ, ಮೇಲೆ 25,000 ರೂಪಾಯಿ ಪರಿಹಾರ.

ಅದೇ ತೀರ್ಪಿನಲ್ಲಿ ಏನೇನು ಹೇಳಬೇಕು ಅನ್ನುವುದೂ ಇದೆ: ಏನು ಮಾಡುತ್ತೇವೆ, ಯಾಕೆ, ಉಪಯೋಗ ಏನು, ಬೇರೆ ದಾರಿ ಇದೆಯಾ, ದೊಡ್ಡ ಅಪಾಯಗಳು ಏನು, ಬೇಡ ಅಂದರೆ ಏನಾಗುತ್ತದೆ. ಲಕ್ಷಕ್ಕೊಬ್ಬರಿಗೆ ಆಗುವ ಅಪಾಯವನ್ನೆಲ್ಲ ಹೇಳಿ ಹೆದರಿಸಬೇಕಿಲ್ಲ. ಅಮೆರಿಕದ ಕೋರ್ಟುಗಳು ಕೇಳುವಷ್ಟು ವಿವರವನ್ನು ನಮ್ಮ ಕೋರ್ಟು ಬೇಕೆಂದೇ ಕೇಳಲಿಲ್ಲ. ಇಲ್ಲಿನ ಬಡತನ, ಡಾಕ್ಟರ ಮೇಲಿನ ನಂಬಿಕೆ, ಖರ್ಚು ಎಲ್ಲ ಲೆಕ್ಕ ಹಾಕಿ ಪಟ್ಟಿಯನ್ನು ಸ್ವಲ್ಪ ಕೆಳಗಿಳಿಸಿತು. ಇಳಿಸಿದ್ದು ಸರಿಯೋ ತಪ್ಪೋ ಬೇರೆ ಚರ್ಚೆ. ನನಗೆ ಬೇಜಾರು, ಇಳಿಸಿದ ಆ ಪಟ್ಟಿಯನ್ನೂ ನಮ್ಮವರು ದಾಟುತ್ತಿಲ್ಲವಲ್ಲ ಅಂತ.

ಇನ್ನೊಂದು ರೂಢಿ ಇದೆ, 'ಯಜಮಾನರ ಸಹಿ'. ಹೆಂಗಸಿನ ಯಾವ ಆಪರೇಷನ್ ಇದ್ದರೂ ಗಂಡ ಇಲ್ಲ ಮಗ ಬಂದು ಸಹಿ ಹಾಕಬೇಕು ಅಂತ ಕೂರಿಸುತ್ತಾರೆ. ಹೆಂಗಸಿನ ಎಲ್ಲ ಆಪರೇಷನ್ನಿಗೂ ಅದು ಬೇಕೇ ಬೇಕು ಅಂತ ಕಾನೂನು ಹೇಳುವುದಿಲ್ಲ. ಗರ್ಭಪಾತಕ್ಕೆ ಸಂಬಂಧಿಸಿದ 1971ರ ಕಾಯಿದೆ ಕೂಡ ವಯಸ್ಕ ಹೆಣ್ಣುಮಗಳ ಒಪ್ಪಿಗೆಯೊಂದೇ ಸಾಕು ಅನ್ನುತ್ತದೆ, ಗಂಡನ ಮಾತೇ ಎತ್ತುವುದಿಲ್ಲ. ಸೊಲ್ಲಾಪುರಕ್ಕೆ ಕಬ್ಬು ಕಡಿಯಲು ಹೋದ ಗಂಡ ಬರುವ ತನಕ ಹೆಂಡತಿ ವಾರ್ಡಿನಲ್ಲಿ ಕಾಯುತ್ತಿದ್ದರೆ, ಅದು ಆಸ್ಪತ್ರೆ ತಾನೇ ಮಾಡಿಕೊಂಡ ಕಾನೂನು.

ಒಪ್ಪಿಗೆ ಅನ್ನುವುದು ಬರೀ ಕಾಗದದ ಮಾತಲ್ಲ ಅಂತ ಅರ್ಥವಾಗಬೇಕಾದರೆ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯನ್ನು ನೋಡಬೇಕು. ಹುಮನಾಬಾದಿನಿಂದ ಬಸ್ಸಿನಲ್ಲಿ ಹೊರಟರೆ ಒಂದೂವರೆ ತಾಸು. 2015ರ ಸುಮಾರಿಗೆ ಅಲ್ಲಿ ಬೆಳಕಿಗೆ ಬಂದದ್ದು ಗರ್ಭಕೋಶದ ಕತೆ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಬೆನ್ನುನೋವು, ಬಿಳಿ ಹೋಗುವುದು, ಹೊಟ್ಟೆನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದವರು. ಕ್ಯಾನ್ಸರ್ ಆದೀತು ಅಂತ ಹೆದರಿಸಿ ಗರ್ಭಕೋಶವನ್ನೇ ತೆಗೆದು ಕಳಿಸಿದರು ಅನ್ನುವುದು ಆರೋಪ. ಅನೇಕರಿಗೆ 40 ವರ್ಷ ಕೂಡ ಆಗಿರಲಿಲ್ಲ. 2017ರ ಫೆಬ್ರುವರಿಯಲ್ಲಿ ಆ ಹೆಣ್ಣುಮಕ್ಕಳು ಕಲಬುರಗಿ ಡಿಸಿ ಕಚೇರಿ ಮುಂದೆ ಬಂದು ಕೂತಾಗ ಪತ್ರಿಕೆಗಳಲ್ಲಿ ಬಂದ ಸಂಖ್ಯೆ 2,258. ಇವರ ಸಹಿ, ಹೆಬ್ಬೆಟ್ಟುಗಳೂ ಆಸ್ಪತ್ರೆಯ ಫೈಲಿನಲ್ಲಿ ಇದ್ದೇ ಇರುತ್ತವಲ್ಲ? ಬೇಕಾದರೆ ಬೇಡ ಅನ್ನಬಹುದು, ಬರೀ ಗುಳಿಗಿಯಲ್ಲೂ ವಾಸಿಯಾದೀತು ಅಂತ ಯಾರೂ ಹೇಳದಿದ್ದರೆ ಅದು ಎಂಥ ಒಪ್ಪಿಗೆ? ಹೆದರಿಕೆಯಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ 1860ರ ಭಾರತೀಯ ದಂಡ ಸಂಹಿತೆಯ 90ನೇ ಕಲಮಿನಲ್ಲಿತ್ತು. 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 28ನೇ ಕಲಮು. ಬಿಹಾರ, ಛತ್ತೀಸಗಢ, ರಾಜಸ್ಥಾನದಲ್ಲೂ ಇದೇ ನಡೆದು, ಡಾ. ನರೇಂದ್ರ ಗುಪ್ತಾ ಅನ್ನುವವರು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು 5 ಏಪ್ರಿಲ್ 2023ಕ್ಕೆ. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ 3 ತಿಂಗಳಲ್ಲಿ ಜಾರಿ ಮಾಡಬೇಕು ಅಂತ ಆದೇಶ. ಹತ್ತು ವರ್ಷ ತಗೊಂಡ ಕೋರ್ಟು ರಾಜ್ಯಗಳಿಗೆ ಮೂರೇ ತಿಂಗಳು ಕೊಟ್ಟಿದ್ದು ತಮಾಷೆಯಾಗಿದೆ, ಇರಲಿ.

ಈಗ ಒಂದು ಸುತ್ತು ಬಸವಕಲ್ಯಾಣಕ್ಕೆ ಹೋಗಿ ಬರೋಣ. ಬಸವಕಲ್ಯಾಣ ಅಂದರೆ ಎಲ್ಲರಿಗೂ ಅನುಭವ ಮಂಟಪ, ಶರಣರು ನೆನಪಾಗುತ್ತಾರೆ. ಶರಣರಲ್ಲಿ ವೈದ್ಯ ಸಂಗಣ್ಣ ಅನ್ನುವವರೂ ಇದ್ದರು, ವೈದ್ಯವೃತ್ತಿಯೇ ಅವರ ಕಾಯಕ. ಆದರೆ ನಾನು ಹೇಳಹೊರಟಿರುವುದು ಶರಣರಿಗಿಂತ ಸ್ವಲ್ಪ ಮುಂಚಿನ ಕಲ್ಯಾಣದ ಬಗ್ಗೆ. ಚಾಲುಕ್ಯ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಆಸ್ತಿ ಪಾಲು ಮಾಡುವ ವಿಷಯದಲ್ಲಿ ಇಂಗ್ಲಿಷರ ಕೋರ್ಟುಗಳೂ ಅದನ್ನು ಹಿಡಿದು ನಡೆದವು, ಹಾಗಾಗಿ ವಕೀಲರಿಗೆಲ್ಲ ಗೊತ್ತು. ಅದೇ ಗ್ರಂಥದಲ್ಲಿ ವೈದ್ಯರ ಮೇಲೂ ಒಂದು ಕಲಮು ಇದೆ ಅನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ತಪ್ಪು ಚಿಕಿತ್ಸೆ ಮಾಡಿದ ವೈದ್ಯನಿಗೆ ದಂಡ: ರೋಗಿ ಪ್ರಾಣಿಯಾದರೆ ಕೆಳಗಿನ ದರ್ಜೆಯದು, ಮನುಷ್ಯನಾದರೆ ನಡುವಿನದು, ರಾಜನ ಕಡೆಯವನಾದರೆ ಎಲ್ಲಕ್ಕಿಂತ ಮೇಲಿನದು. ಅದೇ ಸ್ಮೃತಿಯ ಲೆಕ್ಕದಲ್ಲಿ 270 ಪಣ, 540 ಪಣ, 1,080 ಪಣ. ತಪ್ಪು ಚಿಕಿತ್ಸೆ ಅಂದರೆ ಯಾವುದು ಅನ್ನುವುದಕ್ಕೆ ವಿಜ್ಞಾನೇಶ್ವರ ಕೊಡುವ ಅರ್ಥ ನನಗೆ ಬಹಳ ಹಿಡಿಸಿತು. ಆಯುರ್ವೇದ ತಿಳಿಯದೆಯೇ, ಹೊಟ್ಟೆಪಾಡಿಗೋಸ್ಕರ, ನನಗೆ ಚಿಕಿತ್ಸೆ ಗೊತ್ತು ಅಂತ ಹೇಳಿಕೊಂಡು ಮಾಡುವವನು ಅನ್ನುತ್ತಾನೆ. ರೋಗಿ ಸತ್ತನೋ ಬದುಕಿದನೋ ಅನ್ನುವುದು ಅಲ್ಲಿ ಮೊದಲ ಪ್ರಶ್ನೆಯಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದದ್ದೇ ಅಪರಾಧ.

ಸುಮಾರು 900 ವರ್ಷ ದಾಟಿ 1996ಕ್ಕೆ ಬನ್ನಿ. ಪೂನಂ ವರ್ಮಾ ಪ್ರಕರಣ. ಮುಂಬಯಿಯಲ್ಲಿ ಹೋಮಿಯೋಪಥಿ ಓದಿದ ಡಾಕ್ಟರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಡುತ್ತಾ ಹೋದರು, ಮೊದಲು ವೈರಲ್ ಜ್ವರ ಅಂತ, ಆಮೇಲೆ ಟೈಫಾಯ್ಡ್ ಅಂತ. ರೋಗಿ ತೀರಿಕೊಂಡರು. ತಾನು ಓದದ ಪದ್ಧತಿಯ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಸಾಕ್ಷಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟು 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ವಿಜ್ಞಾನೇಶ್ವರ ಓದಿದ್ದರೆ ಇದರಲ್ಲಿ ಹೊಸದೇನಿದೆ ಅನ್ನುತ್ತಿದ್ದನೇನೋ. 1998ರ ಇನ್ನೊಂದು ತೀರ್ಪಿನ ಪ್ರಕಾರ ಆಯುರ್ವೇದ, ಯುನಾನಿ ವೈದ್ಯರು ಅಲೋಪಥಿ ಬರೆಯಬಹುದೋ ಇಲ್ಲವೋ ಅನ್ನುವುದು ಆಯಾ ರಾಜ್ಯ ಸರ್ಕಾರ ಎಷ್ಟು ಅನುಮತಿ ಕೊಟ್ಟಿದೆ ಅನ್ನುವುದರ ಮೇಲೆ ನಿಂತಿದೆ.

ಅಂದ ಹಾಗೆ ನಮ್ಮ ಕಡೆ 'ಆರೆಂಪಿ ಡಾಕ್ಟ್ರು' ಅಂತ ಒಂದು ಮಾತಿದೆ. ಆ ಮೂರಕ್ಷರಕ್ಕೆ ಕಾನೂನಿನಲ್ಲಿ ಅರ್ಥ 'ನೋಂದಾಯಿತ ವೈದ್ಯ'. ನಮ್ಮ ಹಳ್ಳಿಗಳಲ್ಲಿ ಅರ್ಥ ನೇರ ಉಲ್ಟಾ, ಎಲ್ಲೂ ನೋಂದಣಿ ಇಲ್ಲದೆ ಸೂಜಿ ಚುಚ್ಚುವವನು! ಸೂಜಿ ಮಾಡಿ, ಸಲಾಯಿನ್ ಹಚ್ಚಿ, ನೂರು ರೂಪಾಯಿ ತಗೊಂಡು, ಉದ್ರಿಯೂ ಬರೆದುಕೊಂಡು ಕಳಿಸುತ್ತಾನೆ. ಅವನನ್ನು ಬಯ್ಯುವುದು ಬೆಂಗಳೂರಿನಲ್ಲಿ ಕೂತವರಿಗೆ ಸುಲಭ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆಯುವವನು ಅವನೊಬ್ಬನೇ, ಮತ್ತು ಅವನು ರೋಗಿಯ ಭಾಷೆಯಲ್ಲಿ ಮಾತಾಡುತ್ತಾನೆ. ಓದಿದ ಡಾಕ್ಟರು ಮಾತಾಡದೆ ಇರುವುದರಿಂದಲೇ ಅವನ ಅಂಗಡಿ ನಡೆಯುತ್ತಿದೆ ಅನ್ನುವುದು ನನ್ನ ಗುಮಾನಿ. ಆದರೂ ಕಾನೂನು ಅವನಿಗೆ ದಯೆ ತೋರಿಸುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟಾದರೆ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷದ ತನಕ ಜೈಲು. ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದ ಆಗಿದ್ದರೆ ಮಾತ್ರ ಮಿತಿ 2 ವರ್ಷ. ನಮ್ಮ ಆರೆಂಪಿಗೆ ಆ ರಿಯಾಯಿತಿ ಇಲ್ಲ. ಅಸಲಿ ಡಾಕ್ಟರೋ ಅಲ್ಲವೋ ತಿಳಿಯಲು ದೊಡ್ಡ ಪತ್ತೇದಾರಿ ಬೇಕಿಲ್ಲ. ಚೀಟಿ, ಸರ್ಟಿಫಿಕೇಟು, ರಶೀದಿ ಮೂರರ ಮೇಲೂ ನೋಂದಣಿ ಸಂಖ್ಯೆ ಹಾಕಬೇಕು ಅಂತ 2002ರ ವೈದ್ಯಕೀಯ ನಡವಳಿಕೆ ನಿಯಮಗಳಲ್ಲಿದೆ. 2023ರಲ್ಲಿ ಹೊಸ ನಿಯಮ ತಂದು ಅದೇ ತಿಂಗಳು ತಡೆಹಿಡಿದರು, ಹಾಗಾಗಿ ಈ ಹಳೆಯದೇ ಆಧಾರ.

ಕೇಳಿಯೇ ಮಾಡಬೇಕು ಅನ್ನುವುದಕ್ಕೆ ಒಂದು ದೊಡ್ಡ ಅಪವಾದ ಇದೆ, ಅದು ತುರ್ತು. ದಂಡ ಸಂಹಿತೆಯನ್ನು ಓದಿದರೆ ನಮ್ಮ ಪ್ರೋಗ್ರಾಮರುಗಳಿಗೆ ಖುಷಿಯಾಗುತ್ತದೆ, ಯಾಕೆಂದರೆ ಅದರಲ್ಲಿ ಕಲಮಿನ ಕೆಳಗೆ ಉದಾಹರಣೆಗಳಿವೆ, ಟೆಸ್ಟ್ ಕೇಸಿನ ಹಾಗೆ! 92ನೇ ಕಲಮಿನ ಉದಾಹರಣೆ: ಒಬ್ಬ ಕುದುರೆ ಮೇಲಿಂದ ಬಿದ್ದು ಪ್ರಜ್ಞೆ ತಪ್ಪಿದ್ದಾನೆ. ಅವನ ತಲೆಬುರುಡೆಗೆ ರಂಧ್ರ ಕೊರೆಯದಿದ್ದರೆ ಉಳಿಯುವುದಿಲ್ಲ. ಕೇಳೋಣ ಅಂದರೆ ಅವನಿಗೆ ಎಚ್ಚರ ಇಲ್ಲ. ಶಸ್ತ್ರವೈದ್ಯ ಒಪ್ಪಿಗೆ ಇಲ್ಲದೆಯೇ ಒಳ್ಳೆಯ ಮನಸ್ಸಿನಿಂದ ಕೊರೆದರೆ ಅಪರಾಧವಲ್ಲ. ಈಗ ಅದು ನ್ಯಾಯ ಸಂಹಿತೆಯ 30ನೇ ಕಲಮು. ಕುದುರೆಯ ಬದಲು ನಮ್ಮ ಹೈವೇ ಹಾಕಿಕೊಳ್ಳಿ. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿಗೆ ಬರುತ್ತದೆ, ಅಲ್ಲಿ ಬೀದರ್-ಕಲಬುರಗಿ ರಸ್ತೆ ಅದನ್ನು ಕತ್ತರಿಸುತ್ತದೆ. ಹಗಲೂ ರಾತ್ರಿ ಲಾರಿ. ಬೈಕಿನಿಂದ ಬಿದ್ದವನನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದರೆ ಮೊದಲು ಬರುವ ಮಾತು, "ಇದು ಪೊಲೀಸ್ ಕೇಸ್ ಅದರಿ, ಸರ್ಕಾರಿ ದವಾಖಾನಿಗೆ ಒಯ್ರಿ."

ಈ ಮಾತಿಗೆ 1989ರಲ್ಲೇ ಉತ್ತರ ಬಂದಿದೆ. ಕಾರು ಬಡಿದ ಸ್ಕೂಟರ್ ಸವಾರನೊಬ್ಬನನ್ನು, ಇಲ್ಲಿ ಮೆಡಿಕೋ ಲೀಗಲ್ ಕೇಸು ನೋಡುವುದಿಲ್ಲ ಅಂತ ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು, ದಾರಿಯಲ್ಲೇ ಹೋದ. ಪರಮಾನಂದ ಕಟಾರಾ ಪ್ರಕರಣ ಅಂತ ಅದು ಹೆಸರಾಯಿತು. ಸರ್ಕಾರಿ ಇರಲಿ, ಖಾಸಗಿ ಇರಲಿ, ಮೊದಲು ಜೀವ, ಆಮೇಲೆ ಪೊಲೀಸ್ ಕಾಗದ ಅಂತ ಸುಪ್ರೀಂ ಕೋರ್ಟು ಹೇಳಿತು. 1996ರಲ್ಲಿ ರೈಲಿನಿಂದ ಬಿದ್ದ ಬಂಗಾಳದ ಕೂಲಿಯ ಪ್ರಕರಣದಲ್ಲಿ, ಬೆಡ್ ಇಲ್ಲ ಅಂತ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ತಿರುಗಿ ಕಳಿಸಿದ್ದು ಬದುಕುವ ಹಕ್ಕಿನ ಉಲ್ಲಂಘನೆ ಅಂದಿತು. ಗಾಯಾಳುವನ್ನು ತಂದು ಸೇರಿಸಿದವರಿಗೆ ಕಿರುಕುಳ ಕೊಡಬಾರದು ಅಂತ ಕರ್ನಾಟಕ 2016ರಲ್ಲಿ ತನ್ನದೇ ಕಾಯಿದೆ ಮಾಡಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ತುರ್ತಿನಲ್ಲಿ ಅಡ್ವಾನ್ಸ್ ಕೇಳುವ ಹಾಗಿಲ್ಲ, ಬಿಲ್ ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅನ್ನುವುದು ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಲ್ಲಿದೆ. 2017ರ ನವೆಂಬರಿನಲ್ಲಿ ಡಾಕ್ಟರುಗಳು ಮುಷ್ಕರ ಹೂಡಿದ್ದು ನೆನಪಿದೆಯಾ? ಆ ತಿದ್ದುಪಡಿಯೇ ಇದು. ಮಸೂದೆ ತಂದ ರಮೇಶ್ ಕುಮಾರ್ ಕೆಲವು ಕಡೆ ಬಗ್ಗಬೇಕಾಯಿತು, ಆದರೆ ಇದು ಉಳಿಯಿತು.

ಡಾಕ್ಟರುಗಳ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ನನ್ನ ಜೊತೆ ಪಿಯುಸಿ ಓದಿದ ಇಬ್ಬರು ಈಗ ಡಾಕ್ಟರು. ಕೋಡಿನಲ್ಲಿ ಬಗ್ ಬಂದರೆ ನನಗೆ ಮ್ಯಾನೇಜರ್ ಮೇಲ್ ಕಳಿಸುತ್ತಾನೆ. ಅವರ ಕೆಲಸದಲ್ಲಿ ಕೆಟ್ಟದ್ದಾದರೆ ಐವತ್ತು ಜನ ಬಂದು ಗಾಜು ಒಡೆಯುತ್ತಾರೆ. ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯಿದೆ ಇದ್ದರೂ ಗಾಜು ಒಡೆಯುವುದು ನಿಂತಿಲ್ಲ. ರೋಗಿ ಉಳಿಯಲಿಲ್ಲ ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಅಲ್ಲ ಅನ್ನುವುದನ್ನು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, 5 ಆಗಸ್ಟ್ 2005ರಂದು, ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ಅಳೆಯಬೇಕಾದ್ದು ಆ ವೃತ್ತಿಯ ಸಾಧಾರಣ ಜಾಣ ಮನುಷ್ಯ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಅನ್ನುವುದರಿಂದ, ಊರಿಗೇ ಬುದ್ಧಿವಂತನಾದವನ ಅಳತೆಗೋಲಿನಿಂದಲ್ಲ. ಎರಡು ದಾರಿಯಲ್ಲಿ ಒಂದನ್ನು ಆರಿಸಿ ಅದು ಫಲಿಸದೆ ಹೋದರೆ ತಪ್ಪಿತಸ್ಥ ಆಗುವುದಿಲ್ಲ. ಪರಿಹಾರ ಕೊಡಿಸುವುದಕ್ಕೆ ಸಾಮಾನ್ಯ ನಿರ್ಲಕ್ಷ್ಯ ಸಾಕು, ಜೈಲಿಗೆ ಕಳಿಸುವುದಕ್ಕೆ ಘೋರ ನಿರ್ಲಕ್ಷ್ಯವೇ ಬೇಕು. ಅದಕ್ಕೂ ಮುಂಚೆ ಪೊಲೀಸರು ಬೇರೆ ಡಾಕ್ಟರ ಅಭಿಪ್ರಾಯ ಪಡೆಯಬೇಕು, ಸಾಧ್ಯವಾದರೆ ಸರ್ಕಾರಿ ಡಾಕ್ಟರದ್ದು. ಸುಮ್ಮನೆ ಹಿಡಿದು ಒಳಗೆ ಹಾಕುವ ಹಾಗಿಲ್ಲ. ಇಷ್ಟು ಗೊತ್ತಿದ್ದರೆ ಕಾನೂನು ಅಂದ ಕೂಡಲೇ ಡಾಕ್ಟರುಗಳು ಬೆಚ್ಚಬೇಕಿಲ್ಲ.

ಅವರಲ್ಲೊಬ್ಬಳು ನನ್ನ ಜೊತೆ ಜಗಳಕ್ಕೇ ಬಂದಳು. "ಒಂದು ಓಪಿಡಿಯಲ್ಲಿ ನೂರು ಜನ ಇರ್ತಾರೆ, ಎಲ್ಲರಿಗೂ ಚಿತ್ರ ಬರೆದು ಪಾಠ ಮಾಡ್ಲಾ? ಹೆಚ್ಚು ಹೇಳಿದರೆ ಹೆದರಿ ಓಡಿಹೋಗ್ತಾರೆ, ಓಡಿಹೋಗಿ ಆರೆಂಪಿ ಹತ್ತಿರ ಸಾಯ್ತಾರೆ." ಮೊದಲನೆಯದು ನಿಜ. ಅದಕ್ಕೆ ಡಾಕ್ಟರನ್ನು ಬಯ್ಯುವ ಬದಲು ಸರ್ಕಾರವನ್ನು ಕೇಳಬೇಕು. ಆದರೆ ಆಪರೇಷನ್ ಆಗುವವರು ನೂರು ಜನ ಇರುವುದಿಲ್ಲ. ಎರಡನೆಯ ಮಾತಿಗೆ ನನ್ನ ಬಳಿ ಇರುವುದು ಒಂದೇ ಉತ್ತರ: ಬೇಡ ಅನ್ನುವ ಅವಕಾಶ ಇಲ್ಲದಿದ್ದರೆ ಹೂಂ ಅಂದದ್ದಕ್ಕೂ ಅರ್ಥ ಇಲ್ಲ. ಅವಳು ಒಪ್ಪಲಿಲ್ಲ, ಇನ್ನೂ ಜಗಳ ನಡೆದಿದೆ.

ಕಾಗದದ ವಿಷಯದಲ್ಲಿ ನನ್ನ ವೃತ್ತಿಯವರಿಗೆ ಬೇಗ ಅರ್ಥವಾಗುವ ಒಂದು ಸಂಗತಿ: ಲಾಗ್ ಇಲ್ಲದ ಸಿಸ್ಟಮ್ಮಿನಲ್ಲಿ ಏನಾಯಿತು ಅಂತ ಯಾರೂ ಹೇಳಲಾರರು. ಆಸ್ಪತ್ರೆಯ ದಾಖಲೆಯೂ ಹಾಗೆಯೇ. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದ 72 ಗಂಟೆಯೊಳಗೆ ಪ್ರತಿ ಕೊಡಬೇಕು ಅಂತ ಅದೇ 2002ರ ನಿಯಮ. ನಮ್ಮ ಜನ ಬರೀ ಡಿಸ್ಚಾರ್ಜ್ ಚೀಟಿ ಹಿಡಿದು ಊರಿಗೆ ಬರುತ್ತಾರೆ, ಅದೂ ಮಳೆಗಾಲದಲ್ಲಿ ಮಾಳಿಗೆ ಸೋರಿ ಹಾಳಾಗುತ್ತದೆ.

ದೂರು ಕೊಡುವ ದಾರಿ ಗಡಿಯಲ್ಲಿರುವ ನಮಗೆ ಈಗ ಮೊದಲಿಗಿಂತ ಸಲೀಸು. 1995ರ ವಿ.ಪಿ. ಶಾಂತಾ ತೀರ್ಪಿನಿಂದ ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬಂತು. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆ ಮಾತ್ರ ಹೊರಗೆ. ಆದರೆ 1986ರ ಕಾಯಿದೆಯಲ್ಲಿ ಸೊಲ್ಲಾಪುರದ ಆಸ್ಪತ್ರೆಯ ಮೇಲೆ ದೂರು ಅಂದರೆ ಸೊಲ್ಲಾಪುರಕ್ಕೇ ಓಡಾಡಬೇಕಿತ್ತು. ಜುಲೈ 2020ರಲ್ಲಿ ಜಾರಿಗೆ ಬಂದ 2019ರ ಕಾಯಿದೆಯಲ್ಲಿ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಹುಮನಾಬಾದಿನವರು ಹೈದರಾಬಾದಿನ ಆಸ್ಪತ್ರೆಯ ಮೇಲೆ ಬೀದರಿನ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅದೊಂದು ನೆನಪಿರಲಿ.

ಮತ್ತೆ ಭಾಷೆಗೆ ಬರುತ್ತೇನೆ, ಕನ್ನಡದಲ್ಲಿ ಬರೆಯುವ ನಮಗೆಲ್ಲ ಕೆಲಸ ಇರುವುದು ಅಲ್ಲೇ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಅನ್ನುವ ಮಾತು ಕಾನೂನಿಗೆ ಹೊಸದಲ್ಲ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯಲ್ಲೇ ಇದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಔಷಧದ ಚೀಟಿ ಕನ್ನಡದಲ್ಲಿರಲಿ ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಚೀಟಿಗಿಂತ ಮೊದಲು ಈ ಫಾರ್ಮ್ ಆಗಬೇಕು ಅನ್ನುವುದು ನನ್ನ ವಾದ. ಚೀಟಿಯನ್ನು ಓದುವವನು ಮೆಡಿಕಲ್ ಅಂಗಡಿಯವನು, ಫಾರ್ಮಿಗೆ ಸಹಿ ಹಾಕುವವಳು ನನ್ನ ದೊಡ್ಡವ್ವ. ಬಸವಕಲ್ಯಾಣದಂಥ ಊರಿನಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದುವಿನಲ್ಲೂ ಇರಲಿ. ಕನ್ನಡದ ಅಭಿಮಾನಕ್ಕೆ ಅದರಿಂದ ಏನೂ ಕಮ್ಮಿಯಾಗದು. ಲಂಬಾಣಿಯಲ್ಲಿ ಓದಿ ಹೇಳುವ ಒಬ್ಬ ಆಶಾ ಕಾರ್ಯಕರ್ತೆ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ವೈದ್ಯಕೀಯ ಹೇಳಲು ಬರುವುದಿಲ್ಲ ಅನ್ನುವವರು ಡಾ. ಅನುಪಮಾ ನಿರಂಜನ 'ತಾಯಿ ಮಗು' ಬರೆದದ್ದನ್ನು ಮರೆತಿದ್ದಾರೆ. ಹೈದರಾಬಾದಿನ ಉಸ್ಮಾನಿಯಾದಲ್ಲಿ ನಿಜಾಮರ ಕಾಲದಲ್ಲಿ ಇಡೀ ಡಾಕ್ಟರಿಯನ್ನೇ ಉರ್ದುವಿನಲ್ಲಿ ಓದಿಸಿದ್ದರು.

ನಾನು ಪಿತ್ತಕೋಶದ ಆಪರೇಷನ್ನಿಗೆ ಒಂದು ಪುಟದ ಕನ್ನಡ ಫಾರ್ಮ್ ಬರೆಯಲು ಕೂತಿದ್ದೇನೆ, ಆ ಡಾಕ್ಟರು ಬರೆದ ಚಿತ್ರವನ್ನೇ ಇಟ್ಟುಕೊಂಡು. ಜಗಳ ತೆಗೆದ ಗೆಳತಿಯೇ ತಿದ್ದಿ ಕೊಡುತ್ತೇನೆ ಅಂದಿದ್ದಾಳೆ. ಮೂರು ಪದ ಕೈಕೊಡುತ್ತಿವೆ. ಅರಿವಳಿಕೆ ಅಂದರೆ ದೊಡ್ಡವ್ವನಿಗೆ ತಿಳಿಯಲಿಲ್ಲ, ಮರಾಠಿಯ 'ಭೂಲ್ ಕೊಡೋದು' ಅಂದ ಕೂಡಲೇ ತಿಳಿಯಿತು. ಆದರೆ ಮೈಸೂರಿನವರು ಅದನ್ನು ಓದಿದರೆ ಏನೆಂದುಕೊಂಡಾರು? ರಿಸ್ಕ್‌ಗೆ 'ಅಪಾಯ' ಅಂದರೆ ಆಗಲೇ ಏನೋ ಆಗಿಬಿಟ್ಟಿತು ಅನ್ನುವ ಹಾಗೆ ಕೇಳಿಸುತ್ತದೆ, 'ಧೋಕಾ' ಅಂದರೆ ಮೋಸ ಅನ್ನಿಸುತ್ತದೆ. ಕಾಂಪ್ಲಿಕೇಶನ್‌ಗೆ ಸದ್ಯಕ್ಕೆ 'ತೊಡಕು' ಅಂತ ಹಾಕಿದ್ದೇನೆ. ಡಾಕ್ಟರ್ ಬ್ಲಾಗಿಗರು, ಉತ್ತರ ಕರ್ನಾಟಕದ ಬ್ಲಾಗಿಗರು, ನಿಮ್ಮ ಮನೆಯಲ್ಲಿ ಇವಕ್ಕೆ ಏನನ್ನುತ್ತಾರೆ ಅಂತ ಸ್ವಲ್ಪ ಕೇಳಿ ಹೇಳುತ್ತೀರಾ?